ಬಣ್ಣ ಬಂದ ಬೆಳ್ಳಿ ನಾಣ್ಯ: ತೊಳೆಯಬೇಕಾ, ಹಾಗೇ ಬಿಡಬೇಕಾ?

ಮಾವನ_ಪೆಟ್ಟಿಗೆ
ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ನಾಣ್ಯ ಸೇರಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಪೆಟ್ಟಿಗೆ ನನ್ನ ಕೈಗೆ ಬಂತು. ಅದರಲ್ಲಿ ನಾಲ್ಕು ಮಾರ್ಗನ್ ಡಾಲರ್ ಇವೆ, ಅಮೆರಿಕದ ಹಳೇ ಬೆಳ್ಳಿ ನಾಣ್ಯ. ನಾಲ್ಕೂ 1881ರವು. ಹದ್ದಿನ ಕೆಳಗೆ ಪುಟ್ಟದಾಗಿ 'ಎಸ್' ಇದೆ, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯವು. ಒಂದೇ ವರ್ಷ, ಒಂದೇ ಟಂಕಸಾಲೆ. ಆದರೆ ನಾಲ್ಕೂ ನಾಲ್ಕು ತರ ಕಾಣುತ್ತವೆ.

ಒಂದು ರಟ್ಟಿನ ಆಲ್ಬಂನಲ್ಲಿತ್ತು. ಅಂಚಿನಲ್ಲಿ ನೀಲಿ, ಸ್ವಲ್ಪ ಒಳಗೆ ನೇರಳೆ, ಆಮೇಲೆ ಹೊಂಬಣ್ಣ, ನಡುವೆ ಬಿಳಿ. ಎರಡನೆಯದು ಕಾಗದದ ಲಕೋಟೆಯಲ್ಲಿತ್ತು. ಅದು ಪೂರ್ತಿ ಕಪ್ಪು, ಮಸಿ ಹಿಡಿದ ಹಾಗೆ. ಮೂರನೆಯದು ಮೆತ್ತನೆ ಪ್ಲಾಸ್ಟಿಕ್ ಕವರ್‌ನಲ್ಲಿತ್ತು. ಅದರ ಮೇಲೆ ಹಸಿರು ಅಂಟು. ನಾಲ್ಕನೆಯದು ಬೆಳ್ಳಗೆ ಇದೆ.

ಒಬ್ಬ ವ್ಯಾಪಾರಿ ಆಲ್ಬಂನದನ್ನು ನೋಡಿ "ಕೊಳೆ ಹಿಡಿದಿದೆ, ತೊಳೆಸಿ ತನ್ನಿ" ಅಂದರು. ಇನ್ನೊಬ್ಬರು ಮಿಕ್ಕ ಮೂರಕ್ಕೂ ಸೇರಿಸಿ ಎಷ್ಟು ಕೊಡಬಹುದೋ ಅದಕ್ಕಿಂತ ಜಾಸ್ತಿ ಅದೊಂದಕ್ಕೇ ಕೊಡುತ್ತೇನೆ ಅಂದರು. ಯಾರ ಮಾತು ನಂಬಬೇಕು? ಬಣ್ಣ ಬಂದರೆ ಬೆಲೆ ಏರುತ್ತಾ, ಇಳಿಯುತ್ತಾ?

ಹಳೇಕಾಸು
ತೊಳೆಯಬೇಡಿ. ಮೊದಲು ಇಷ್ಟು ಓದಿ, ಮಿಕ್ಕಿದ್ದು ಆಮೇಲೆ. ಯಾವುದನ್ನೂ ತೊಳೆಯಬೇಡಿ, ಉಜ್ಜಬೇಡಿ, ಬಟ್ಟೆಯಲ್ಲಿ ಒರೆಸಲೂ ಬೇಡಿ. ನಾಲ್ಕರ ಫೋಟೋ ಹಾಕಿ, ಎರಡೂ ಮುಖ.

ಕಾಮನಬಿಲ್ಲು
ಎರಡನೇ ವ್ಯಾಪಾರಿಗೆ ಕಣ್ಣಿದೆ ಅನ್ನಿಸುತ್ತದೆ. ಅಂಚಿನಿಂದ ಒಳಗೆ ನೀಲಿ, ನೇರಳೆ, ಹೊಂಬಣ್ಣ, ಬಿಳಿ ಅಂತ ನೀವು ಬರೆದ ಸಾಲು ಓದಿಯೇ ನನಗೆ ಎದೆ ಹೊಡೆದುಕೊಂಡಿತು. ಅದು ಆಲ್ಬಂ ಬಣ್ಣದ ನಡೆ. ಬೇಗ ಫೋಟೋ ಹಾಕಿ!

ಬಿಳಿನಾಣ್ಯ
ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೀಗೆ ಬಣ್ಣ ಬರುವುದಕ್ಕೆ ಟೋನಿಂಗ್ ಅಂತ ಚೆಂದದ ಹೆಸರಿಟ್ಟರೂ ಅದು ಲೋಹ ಕೆಡುವುದೇ. ಟಂಕಸಾಲೆಯಿಂದ ಹೊರಬಿದ್ದ ದಿನ ಆ ನಾಣ್ಯ ಬೆಳ್ಳಗಿತ್ತು. ಆ ದಿನ ಹೇಗಿತ್ತೋ ಹಾಗೇ ಇರುವ ನಾಣ್ಯ ನನಗೆ ಬೇಕು. ಬಣ್ಣಕ್ಕೆ ಎರಡು ಪಟ್ಟು, ಮೂರು ಪಟ್ಟು ಕೊಡುವವರು ಕೆಟ್ಟು ಹೋದದ್ದಕ್ಕೆ ದುಡ್ಡು ಕೊಡುತ್ತಿದ್ದಾರೆ. ಇವತ್ತಿನ ಹುಚ್ಚು ನಾಳೆ ಇರುತ್ತದೆ ಅಂತ ಯಾರು ಹೇಳಿದರು?

ಕಾಮನಬಿಲ್ಲು
ಬಿಳಿನಾಣ್ಯ ಸಾರ್, ಬೆಳ್ಳಗಿರುವುದೆಲ್ಲ ಹಾಲಲ್ಲ. 140 ವರ್ಷದ ಬೆಳ್ಳಿ ಅಷ್ಟು ಬೆಳ್ಳಗಿದೆ ಅಂದರೆ ಯಾರೋ ಯಾವಾಗಲೋ ಡಿಪ್ ಮಾಡಿದ್ದಾರೆ, ಅಂದರೆ ಬಣ್ಣ ತೆಗೆಯುವ ದ್ರವದಲ್ಲಿ ಅದ್ದಿದ್ದಾರೆ. ನೀವು ಕೊಂಡಿರುವುದು ಟಂಕಸಾಲೆಯ ಬಿಳಿಯಲ್ಲ, ಡಿಪ್ ಬಾಟಲಿಯ ಬಿಳಿ.

ಬಿಳಿನಾಣ್ಯ
ಎಲ್ಲವೂ ಅಲ್ಲ. ಅಷ್ಟು ಸುಲಭವಾಗಿ ಹೇಳಬೇಡಿ. ಮಾರ್ಗನ್ ಡಾಲರ್‌ಗಳು ಸಾವಿರ ನಾಣ್ಯದ ಕ್ಯಾನ್ವಾಸ್ ಚೀಲಗಳಲ್ಲಿ ಖಜಾನೆಯಲ್ಲಿ ಬಿದ್ದಿದ್ದವು. 1960ರ ದಶಕದ ಮೊದಲ ವರ್ಷಗಳಲ್ಲಿ ಅಂಥ ಚೀಲ ಎಷ್ಟೋ ಹೊರಬಂದವು. 1964ರಲ್ಲಿ ಕೊಡುವುದನ್ನು ನಿಲ್ಲಿಸಿದರು. ಚೀಲದ ಬಟ್ಟೆಗೆ ತಾಗಿದವಕ್ಕೆ ಬಣ್ಣ ಬಂತು. ನಡುವೆ ಇದ್ದವು ಒಂದಕ್ಕೊಂದು ಒತ್ತಿಕೊಂಡು ಗಾಳಿಯಾಡದೆ ಬೆಳ್ಳಗೇ ಉಳಿದವು. ಅಂಥ ನಿಜವಾದ ಬಿಳಿ ನಾಣ್ಯ ನನ್ನ ಹತ್ತಿರವೇ ಇವೆ.

ಹಳೇಕಾಸು
ಇದು ನಿಜ. ಚೀಲದ ನಡುವಿನವು ಬಿಳಿ, ಬದಿಯವು ಬಣ್ಣ. ಆದ್ದರಿಂದಲೇ ಚೀಲದ ಬಣ್ಣ ಸಾಮಾನ್ಯವಾಗಿ ಒಂದೇ ಮುಖಕ್ಕೆ ಇರುತ್ತದೆ. ಕೆಲವದರ ಮೇಲೆ ಬಟ್ಟೆಯ ನೇಯ್ಗೆಯೇ ಅಚ್ಚಾಗಿರುತ್ತದೆ, ಲೂಪ್ (ಸಣ್ಣ ಭೂತಕನ್ನಡಿ) ಹಿಡಿದರೆ ಎಳೆ ಎಣಿಸಬಹುದು. ಪಕ್ಕದ ನಾಣ್ಯ ಅರ್ಧ ಮುಚ್ಚಿದ್ದರೆ ಚಂದ್ರನ ಕಲೆಯ ಹಾಗೆ ಅರ್ಧವೃತ್ತದ ಬಣ್ಣ. ಇಂಥ ಗುರುತುಗಳಿಗೆ ಜನ ದುಡ್ಡು ಕೊಡುವುದು ಯಾಕೆಂದರೆ ಅವು ಆ ನಾಣ್ಯ ಎಲ್ಲಿತ್ತು ಅಂತ ಹೇಳುತ್ತವೆ.

ಹೊಸಬ_07
ಒಂದು ಪ್ರಶ್ನೆ. ಬೆಳ್ಳಿ ಕಪ್ಪಾಗುವುದು ನೋಡಿದ್ದೇನೆ. ನೀಲಿ, ನೇರಳೆ ಎಲ್ಲಿಂದ ಬರುತ್ತದೆ? ಯಾವುದಾದರೂ ಬಣ್ಣದ ಪದಾರ್ಥ ಅಂಟಿಕೊಳ್ಳುತ್ತದಾ?

ಬೆಳ್ಳಿಚುಕ್ಕಿ
ಇದಕ್ಕೆ ನಾನು ಉತ್ತರ ಕೊಡುತ್ತೇನೆ, ರಸಾಯನಶಾಸ್ತ್ರ ಪಾಠ ಮಾಡುವವಳು.

ಬಣ್ಣದ ಪದಾರ್ಥ ಯಾವುದೂ ಇಲ್ಲ. ಗಾಳಿಯಲ್ಲಿ, ರಟ್ಟಿನಲ್ಲಿ, ರಬ್ಬರ್‌ನಲ್ಲಿ, ಉಣ್ಣೆಯಲ್ಲಿ ಗಂಧಕ ಇರುತ್ತದೆ. ಅದರ ಆವಿ ಬೆಳ್ಳಿಗೆ ತಾಗಿದರೆ ಮೇಲ್ಮೈಯಲ್ಲಿ ಸಿಲ್ವರ್ ಸಲ್ಫೈಡ್ ಅನ್ನುವ ಪೊರೆ ಹುಟ್ಟುತ್ತದೆ. ತೇವ ಜಾಸ್ತಿ ಇದ್ದರೆ ಬೇಗ. ಮೊದಮೊದಲು ಈ ಪೊರೆ ತುಂಬಾ ತೆಳು. ಬೆಳಕಿನ ಒಂದು ಪಾಲು ಪೊರೆಯ ಮೇಲಿಂದ ವಾಪಸ್ ಬರುತ್ತದೆ, ಇನ್ನೊಂದು ಪಾಲು ಒಳಗೆ ಹೋಗಿ ಬೆಳ್ಳಿಗೆ ತಾಗಿ ಬರುತ್ತದೆ. ಎರಡೂ ಸೇರಿದಾಗ ಕೆಲವು ಬಣ್ಣ ಅಳಿಯುತ್ತವೆ, ಕೆಲವು ಗಾಢವಾಗುತ್ತವೆ. ಸೋಪಿನ ಗುಳ್ಳೆಯ ಬಣ್ಣ, ನೀರಿನ ಮೇಲಿನ ಎಣ್ಣೆಯ ಬಣ್ಣ, ಎಲ್ಲ ಇದೇ ಆಟ.

ಪೊರೆ ಎಷ್ಟು ದಪ್ಪ ಅನ್ನುವುದರ ಮೇಲೆ ಬಣ್ಣ. ಮೊದಲು ತಿಳಿ ಹಳದಿ, ಹೊಂಬಣ್ಣ. ಆಮೇಲೆ ಕೆಂಪು ಬೆರೆತ ನೇರಳೆ. ಆಮೇಲೆ ನೀಲಿ, ಅದು ತಿಳಿಯಾಗುತ್ತದೆ. ಪೊರೆ ಇನ್ನೂ ದಪ್ಪವಾದರೆ ಮತ್ತೆ ಹಳದಿ, ಮತ್ತೆ ಗುಲಾಬಿ, ಆಗ ಹಸಿರು. ಕೊನೆಗೆ ಬೆಳಕು ಒಳಗೆ ಹೋಗಲಾಗದಷ್ಟು ದಪ್ಪವಾದಾಗ ಕಪ್ಪು. ಮಾವನ_ಪೆಟ್ಟಿಗೆ ಅವರ ಮೊದಲ ನಾಣ್ಯವೂ ಎರಡನೇ ನಾಣ್ಯವೂ ಒಂದೇ ದಾರಿಯಲ್ಲಿ ಹೊರಟವು. ಒಂದು ನಡುದಾರಿಯಲ್ಲಿದೆ, ಇನ್ನೊಂದು ಕೊನೆ ಮುಟ್ಟಿದೆ.

ಹೊಸಬ_07
ಅಬ್ಬಾ, ಈಗ ಅರ್ಥವಾಯಿತು. ಥ್ಯಾಂಕ್ಸ್ ಮೇಡಂ. ಹಾಗಾದರೆ ಬಣ್ಣ ಬಂದ ನಾಣ್ಯ ಇಟ್ಟಲ್ಲೇ ಇಟ್ಟರೆ ಒಂದು ದಿನ ಕಪ್ಪಾಗುತ್ತದಾ?

ಬೆಳ್ಳಿಚುಕ್ಕಿ
ಗಂಧಕವೂ ತೇವವೂ ಸಿಗುತ್ತಲೇ ಇದ್ದರೆ ಆಗುತ್ತದೆ. ಸಿಗದಂತೆ ಮಾಡಿದರೆ ಬಹಳ ನಿಧಾನವಾಗುತ್ತದೆ.

ಮಾವನ_ಪೆಟ್ಟಿಗೆ
ಫೋಟೋ ಹಾಕಿದ್ದೇನೆ. ಮೊಬೈಲ್‌ನಲ್ಲಿ ತೆಗೆದದ್ದು, ಕಿಟಕಿ ಬೆಳಕಿನಲ್ಲಿ. ಎಂಟು ಫೋಟೋ.

ಲೂಪ್_ಹಿಡಿದವ
ನೋಡಿದೆ. ಮೊದಲ ನಾಣ್ಯ ನನಗೆ ಸಹಜ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ಬೆಳ್ಳಿಚುಕ್ಕಿ ಮೇಡಂ ಹೇಳಿದ ಸಾಲು ತಪ್ಪಿಲ್ಲ. ಅಂಚಿನಲ್ಲಿ ರಟ್ಟು ಹತ್ತಿರ, ಅಲ್ಲಿ ಪೊರೆ ದಪ್ಪ, ಹಾಗಾಗಿ ನೀಲಿ. ಒಳಗೆ ಬಂದ ಹಾಗೆ ತೆಳು: ನೇರಳೆ, ಹೊಂಬಣ್ಣ, ಬಿಳಿ. ಒಂದು ಬಣ್ಣ ಇನ್ನೊಂದಕ್ಕೆ ಕರಗುತ್ತಾ ಹೋಗಿದೆ. ನೀಲಿಯಿಂದ ನೇರ ಬಿಳಿಗೆ ಹಾರಿಲ್ಲ. ನಾಣ್ಯದ ಮೇಲಿನ ನಕ್ಷತ್ರಗಳ ಸುತ್ತ ನೋಡಿ, ಬಣ್ಣ ಸ್ವಲ್ಪ ಹಿಂದೆ ಸರಿದು ತೆಳುವಾಗಿದೆ. ಇದನ್ನು ನಕಲು ಮಾಡುವುದು ಕಷ್ಟ.

ಇನ್ನೊಂದು ವಿಷಯ ಫೋಟೋದಲ್ಲಿ ಗೊತ್ತಾಗುವುದಿಲ್ಲ, ನೀವೇ ನೋಡಬೇಕು. ಒಂದೇ ದೀಪದ ಕೆಳಗೆ ನಾಣ್ಯವನ್ನು ನಿಧಾನವಾಗಿ ವಾಲಿಸಿ. ಬೆಳಕಿನ ಪಟ್ಟಿ ಬಂಡಿಚಕ್ರದ ಹಾಗೆ ಸುತ್ತಬೇಕು. ಆ ಪಟ್ಟಿ ಬಣ್ಣದ ಮೇಲೂ ತಡೆಯಿಲ್ಲದೆ ಓಡಬೇಕು. ಬಣ್ಣ ಇದ್ದಲ್ಲಿ ಅದು ಸತ್ತರೆ ಕೆಳಗೆ ಏನೋ ತೊಂದರೆ ಇದೆ.

ನಾಲ್ಕನೆಯದರ ಬಗ್ಗೆ ಆಮೇಲೆ ಕೇಳುತ್ತೇನೆ. ಅದು ನನಗೆ ಸರಿ ಕಾಣುತ್ತಿಲ್ಲ.

ಕಾಮನಬಿಲ್ಲು
ನವಿಲಿನ ಕತ್ತಿನ ನೀಲಿ! ಎಂಥ ನಾಣ್ಯ ಸ್ವಾಮಿ ಅದು.

ಕೈಸುಟ್ಟವ
ಎಲ್ಲರೂ ಖುಷಿಯಲ್ಲಿದ್ದೀರಿ, ನನ್ನ ಕಥೆಯನ್ನೂ ಕೇಳಿ. ಮೂರು ವರ್ಷದ ಹಿಂದೆ ಆನ್‌ಲೈನ್ ಮಾರಾಟಗಾರರೊಬ್ಬರ ಹತ್ತಿರ ಒಂದು ಮಾರ್ಗನ್ ಕೊಂಡೆ. ಗಾಢ ನೇರಳೆ, ಪಚ್ಚೆ ಹಸಿರು, ನಡುವೆ ಕಿತ್ತಳೆ. ಬಿಳಿ ನಾಣ್ಯದ ಐದು ಪಟ್ಟು ದುಡ್ಡು ಕೊಟ್ಟೆ. ನಾಣ್ಯ ಪರೀಕ್ಷಿಸಿ ಅಂಕ ಕೊಡುವ ಗ್ರೇಡಿಂಗ್ ಸಂಸ್ಥೆಗೆ ಕಳಿಸಿದೆ. "ಬಣ್ಣ ಅನುಮಾನ" ಅಂತ ಬರೆದು ಅಂಕ ಕೊಡದೆ ವಾಪಸ್ ಕಳಿಸಿದರು. ಮಾರಾಟಗಾರರು ಆ ಹೊತ್ತಿಗೆ ಖಾತೆ ಮುಚ್ಚಿದ್ದರು. ಈಗ ಅದನ್ನು ಬಿಳಿ ನಾಣ್ಯದ ಬೆಲೆಗೂ ಯಾರೂ ಕೇಳುವುದಿಲ್ಲ. ಅವತ್ತಿನಿಂದ ಬಣ್ಣ ಕಂಡರೆ ಭಯ.

ಲೂಪ್_ಹಿಡಿದವ
ಅಯ್ಯೋ, ಬೇಸರವಾಯಿತು. ಪಿಸಿಜಿಎಸ್ ಅನ್ನುವ ಗ್ರೇಡಿಂಗ್ ಸಂಸ್ಥೆಯಲ್ಲಿ ಇದಕ್ಕೆ 91 ಅಂತ ಸಂಕೇತ, ತೊಳೆದ ನಾಣ್ಯಕ್ಕೆ 92. ಒಂದು ಕೇಳಲಾ? ಆ ಹಸಿರಿನ ಪಕ್ಕದಲ್ಲಿ ಏನಿತ್ತು?

ಕೈಸುಟ್ಟವ
ಬಿಳಿ. ಹಸಿರು ಮುಗಿದ ಕೂಡಲೇ ಬಿಳಿ ಬೆಳ್ಳಿ.

ಬೆಳ್ಳಿಚುಕ್ಕಿ
ಅಲ್ಲೇ ಸಿಕ್ಕಿಬಿದ್ದಿತು. ಹಸಿರು ಬರಬೇಕಾದರೆ ಪೊರೆ ಹಳದಿ, ನೇರಳೆ, ನೀಲಿ ಎಲ್ಲ ದಾಟಿ ಎರಡನೇ ಸುತ್ತಿಗೆ ಬಂದಿರಬೇಕು. ಪಕ್ಕದಲ್ಲೇ ಪೊರೆಯೇ ಇಲ್ಲದ ಬಿಳಿ ಇದ್ದರೆ ನಡುವಿನ ಮೆಟ್ಟಿಲುಗಳು ಎಲ್ಲಿ ಹೋದವು? ಯಾರೋ ಗಂಧಕದ ಪದಾರ್ಥ ಹಚ್ಚಿ, ಬಿಸಿ ಮಾಡಿ ಅವಸರದಲ್ಲಿ ಬರಿಸಿದ ಬಣ್ಣ ಅದು.

ಬಿಳಿನಾಣ್ಯ
ನಾನು ಹೇಳುತ್ತಿದ್ದದ್ದು ಇದನ್ನೇ. ಆಲ್ಬಂನಲ್ಲಿ ಇಟ್ಟರೆ ಗಂಧಕ ತಾಗುತ್ತದೆ. ಡಬ್ಬಿಯಲ್ಲಿ ಇಟ್ಟು ಬಿಸಿ ಮಾಡಿದರೂ ಗಂಧಕವೇ ತಾಗುವುದು. ಎರಡರಲ್ಲೂ ಹುಟ್ಟುವುದು ಒಂದೇ ಸಿಲ್ವರ್ ಸಲ್ಫೈಡ್. ಒಂದಕ್ಕೆ ಕಿರೀಟ, ಇನ್ನೊಂದಕ್ಕೆ ಶಿಕ್ಷೆ. ಇದೆಂಥ ನ್ಯಾಯ?

ಹಳೇಕಾಸು
ಒಳ್ಳೇ ಪ್ರಶ್ನೆ, ಬಿಳಿನಾಣ್ಯ. ಇದನ್ನು ತುಂಬಾ ವರ್ಷ ಯೋಚನೆ ಮಾಡಿದ್ದೇನೆ. ಪದಾರ್ಥ ಒಂದೇ, ಒಪ್ಪಿದೆ. ಆದರೆ ಕೊಳ್ಳುವವನು ಪದಾರ್ಥಕ್ಕೆ ದುಡ್ಡು ಕೊಡುವುದಿಲ್ಲ. ಯಾರೂ ಮುಟ್ಟದೆ ಇಷ್ಟು ವರ್ಷ ಉಳಿಯಿತು ಅನ್ನುವುದಕ್ಕೆ ಕೊಡುತ್ತಾನೆ. ಅವಸರದಲ್ಲಿ ಬರಿಸಿದ ಬಣ್ಣ ಎಷ್ಟು ಬೇಕಾದರೂ ಮಾಡಬಹುದು, ನಾಳೆ ಸಾವಿರ ನಾಣ್ಯಕ್ಕೆ ಮಾಡಬಹುದು. ಐವತ್ತು ವರ್ಷ ಆಲ್ಬಂನಲ್ಲಿ ಕೂತ ಬಣ್ಣ ಹಾಗೆ ಮಾಡಲಾಗುವುದಿಲ್ಲ. ಮತ್ತೆ ಎಷ್ಟೋ ಸಲ ಕೃತಕ ಬಣ್ಣ ಹಾಕುವುದೇ ತೊಳೆದ ಗೀರು ಮುಚ್ಚಲು. ಹಾಗಾಗಿ ಅನುಮಾನ ಬಣ್ಣದ ಮೇಲೆ ಮಾತ್ರವಲ್ಲ, ಅದರ ಕೆಳಗೆ ಏನಿದೆ ಅನ್ನುವುದರ ಮೇಲೂ.

ಗ್ರೇಡ್ ಮಾಡುವವರೂ "ಇದು ಸಹಜ" ಅಂತ ಆಣೆ ಮಾಡಿ ಹೇಳುವುದಿಲ್ಲ. ಮಾರುಕಟ್ಟೆ ಒಪ್ಪುವಂಥ ಬಣ್ಣವಾ ಅಂತ ನೋಡುತ್ತಾರೆ, ಅಷ್ಟೇ.

ಬಿಳಿನಾಣ್ಯ
ಯಾರೂ ಮುಟ್ಟಿಲ್ಲ ಅನ್ನುವುದಕ್ಕೆ ಬೆಲೆ ಅಂದರೆ ನನಗೂ ಸರಿಯೇ. ಬಣ್ಣಕ್ಕೆ ಅಂತ ಹೇಳಿದರೆ ಒಪ್ಪಲ್ಲ.

ತಾಮ್ರಪ್ರಿಯ
ಎಲ್ಲರೂ ಬೆಳ್ಳಿಯಲ್ಲೇ ನಿಂತುಬಿಟ್ಟಿರಿ. ತಾಮ್ರಕ್ಕೆ ಬನ್ನಿ, ಅಲ್ಲಿ ಲೆಕ್ಕ ಉಲ್ಟಾ. ಟಂಕಸಾಲೆಯ ಕೆಂಪು ಎಷ್ಟು ಉಳಿದಿದೆಯೋ ಅಷ್ಟು ಬೆಲೆ. ಗ್ರೇಡ್ ಆದ ನಾಣ್ಯ ಇಟ್ಟು ಮುಚ್ಚುವ ಪ್ಲಾಸ್ಟಿಕ್ ಡಬ್ಬಿಗೆ ಸ್ಲ್ಯಾಬ್ ಅನ್ನುತ್ತಾರೆ. ಅದರ ಮೇಲೆ ಆರ್‌ಡಿ ಅಂದರೆ ನೂರಕ್ಕೆ ಸುಮಾರು 95 ಭಾಗ ಕೆಂಪು ಉಳಿದದ್ದು, ಬಿಎನ್ ಅಂದರೆ ಕೆಂಪು 5 ಭಾಗಕ್ಕಿಂತ ಕಡಿಮೆ, ಕಂದು. ನಡುವಿನದು ಆರ್‌ಬಿ. ಒಂದೇ ವರ್ಷ, ಒಂದೇ ಗ್ರೇಡ್ ಇದ್ದರೂ ಕೆಂಪಿಗೂ ಕಂದಿಗೂ ಬೆಲೆಯಲ್ಲಿ ಅಜಗಜಾಂತರ. ಕೆಂಪು ಒಂದು ಸಲ ಹೋದರೆ ಹೋಯಿತು, ತೊಳೆದು ತರಲಾಗುವುದಿಲ್ಲ. ತೊಳೆದ ತಾಮ್ರ ಸುಲಿದ ಹಾಗೆ ತಿಳಿ ಗುಲಾಬಿ ಆಗುತ್ತದೆ, ದೂರದಿಂದಲೇ ಗೊತ್ತಾಗುತ್ತದೆ.

ಮಣ್ಣಿನ_ಕಾಸು
ಪುರಾತನ ನಾಣ್ಯಕ್ಕೆ ಬಂದರೆ ಮತ್ತೆ ಬೇರೆ. ಅಲ್ಲಿ ಬಹುತೇಕ ಎಲ್ಲ ನೆಲದಿಂದ ಬಂದದ್ದು, ಎಲ್ಲ ಒಂದಲ್ಲ ಒಂದು ಸಲ ಶುಚಿ ಮಾಡಿದ್ದು. ಬೆಳ್ಳಿಯ ಮೇಲೆ ಈಗ ಕಾಣುವ ಬಣ್ಣ ಶುಚಿ ಮಾಡಿದ ಮೇಲೆ ಮರದ ಪೆಟ್ಟಿಗೆಯಲ್ಲಿ ಮತ್ತೆ ಬಂದದ್ದು. ಅದನ್ನು ಯಾರೂ ತಪ್ಪು ಅನ್ನುವುದಿಲ್ಲ, ಮೆಚ್ಚುತ್ತಾರೆ. ಕಂಚಿನ ನಾಣ್ಯದ ನಯವಾದ ಹಸಿರು ಪಟಿನಾ, ಅಂದರೆ ಕಾಲ ಕಳೆದಂತೆ ಕೂತ ಪೊರೆ, ಕಿತ್ತರೆ ಮಾತ್ರ ನಾಣ್ಯದ ಮುಖವೇ ಹೋಗುತ್ತದೆ. ಎಷ್ಟೋ ಸಲ ಅಕ್ಷರ, ಕಣ್ಣು, ಕೂದಲು ಎಲ್ಲ ಆ ಪಟಿನಾದಲ್ಲೇ ಉಳಿದಿರುತ್ತವೆ, ಕೆಳಗಿನ ಲೋಹದಲ್ಲಿ ಅಲ್ಲ.

ತಾಮ್ರಪ್ರಿಯ
ಹಸಿರೆಲ್ಲ ಒಳ್ಳೇದಲ್ಲ ಅಂತಲೂ ಹೇಳಿ ಅಣ್ಣ. ಕಂಚಿನ ರೋಗದ ಬಗ್ಗೆ.

ಮಣ್ಣಿನ_ಕಾಸು
ಹೌದು. ಗಟ್ಟಿಯಾಗಿ, ನಯವಾಗಿ ಕೂತ ಹಸಿರು ಪಟಿನಾ. ತಿಳಿ ಹಸಿರು ಪುಡಿ, ಉಗುರು ತಾಗಿದರೆ ಉದುರುವಂಥದ್ದು ಇದ್ದರೆ ಅದು ಕಂಚಿನ ರೋಗ. ಲೋಹದೊಳಗೆ ಸೇರಿದ ಕ್ಲೋರೈಡ್ ಉಪ್ಪು ತೇವ ಸಿಕ್ಕಿದಾಗೆಲ್ಲ ಲೋಹವನ್ನು ತಿನ್ನುತ್ತದೆ. ಅಂಥದ್ದನ್ನು ಕೂಡಲೇ ಬೇರೆ ಇಡಿ.

ಬೆಳ್ಳಿಚುಕ್ಕಿ
ಬೇರೆ ಇಡುವುದು ಸರಿ. ಆದರೆ ಇದು ಜ್ವರದ ಹಾಗೆ ಪಕ್ಕದ ನಾಣ್ಯಕ್ಕೆ ಅಂಟುವುದಿಲ್ಲ. ಕ್ಲೋರೈಡ್ ಇದ್ದದ್ದಕ್ಕೇ ಬರುವುದು. ಎಲ್ಲ ಒಟ್ಟಿಗೆ ಕೆಟ್ಟರೆ ಅದಕ್ಕೆ ಕಾರಣ ಪೆಟ್ಟಿಗೆಯೊಳಗಿನ ತೇವ.

ಲೂಪ್_ಹಿಡಿದವ
ಮತ್ತೆ ನಾಲ್ಕನೇ ನಾಣ್ಯಕ್ಕೆ ಬರೋಣ. ಮಾವನ_ಪೆಟ್ಟಿಗೆ ಅವರೇ, ಅದು ಬೆಳ್ಳಗಿದೆ ನಿಜ, ಆದರೆ ಎಲ್ಲ ಕಡೆ ಒಂದೇ ತರ ಮಿನುಗುತ್ತಿದೆ. ಅಕ್ಷರದ ಸಂದಿಗಳಲ್ಲಿ ಬಿಳಿ ಪುಡಿ ಇದ್ದ ಹಾಗಿದೆ. ನಾಣ್ಯದಲ್ಲಿರುವ ಮುಖದ ಕೆನ್ನೆಯ ಮೇಲೆ ಒಂದೇ ದಿಕ್ಕಿಗೆ ಕೂದಲೆಳೆಯಂಥ ಗೀರು. ಇದಕ್ಕೆ ಏನಾಯಿತು?

ಮಾವನ_ಪೆಟ್ಟಿಗೆ
ಹೇಳಬೇಕಾಗಿತ್ತು, ಹೇಳಲಿಲ್ಲ. ಮೊದಲ ವ್ಯಾಪಾರಿ ತೊಳೆಸಿ ತನ್ನಿ ಅಂದ ಮೇಲೆ ಒಂದನ್ನು ಪ್ರಯತ್ನ ಮಾಡೋಣ ಅಂತ ಕಳೆದ ವಾರ ಟೂತ್‌ಪೇಸ್ಟ್ ಹಾಕಿ ಬಟ್ಟೆಯಲ್ಲಿ ಉಜ್ಜಿದೆ. ಮೊದಲು ಅದು ತಿಳಿ ಹೊಂಬಣ್ಣ ಇತ್ತು. ಉಜ್ಜಿದ ಮೇಲೆ ಪಳಪಳ ಅಂದಿತು, ಖುಷಿಯಾಯಿತು. ಮೂರು ದಿನ ಬಿಟ್ಟು ನೋಡಿದರೆ ಏನೋ ಜೀವ ಇಲ್ಲದ ಹಾಗೆ ಕಾಣುತ್ತಿತ್ತು. ಅದಕ್ಕೇ ಇಲ್ಲಿ ಬಂದು ಕೇಳಿದ್ದು.

ಹಳೇಕಾಸು
ಅಯ್ಯೋ ಮಗಾ. ಹೋಗಲಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಮ್ಮಲ್ಲಿ ಬಹಳ ಜನ ಮೊದಲ ನಾಣ್ಯವನ್ನು ಹೀಗೇ ಕಳೆದುಕೊಂಡವರು. ನಾನು ಹನ್ನೆರಡನೇ ವಯಸ್ಸಿನಲ್ಲಿ ಅಪ್ಪ ಕೊಟ್ಟ ಬೆಳ್ಳಿ ನಾಣ್ಯವನ್ನು ಪಾತ್ರೆ ತಿಕ್ಕುವ ಪುಡಿ ಹಾಕಿ ತಿಕ್ಕಿದ್ದೆ. ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಆ ಜೀವ ಅನ್ನುವುದು ಏನು ಅಂತ ತಿಳಿಯಿರಿ. ಅಚ್ಚು ಬಿದ್ದಾಗ ಲೋಹ ನಡುವಿನಿಂದ ಅಂಚಿಗೆ ಹರಿಯುತ್ತದೆ. ಆ ಹರಿವಿನ ಗೆರೆಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಬಂಡಿಚಕ್ರದ ಬೆಳಕು ಬರುವುದು ಅವುಗಳಿಂದಲೇ. ಟೂತ್‌ಪೇಸ್ಟ್ ಅವನ್ನು ಉಜ್ಜಿ ಹಾಕುತ್ತದೆ. ಬಣ್ಣವನ್ನಾದರೂ ಕಾಲ ಮತ್ತೆ ತರಬಹುದು, ಆ ಗೆರೆಗಳನ್ನು ಯಾರೂ ತರಲಾರರು.

ಹೊಸಬ_07
ಡಿಪ್ ಮಾಡಿದರೆ ಉಜ್ಜುವುದಿಲ್ಲವಲ್ಲ, ಅದು ಪರವಾಗಿಲ್ವಾ? ಇನ್ನೊಂದು, ಅಲ್ಯೂಮಿನಿಯಂ ಫಾಯಿಲ್, ಬೇಕಿಂಗ್ ಸೋಡಾ, ಬಿಸಿನೀರು ಅಂತ ಒಂದು ವಿಡಿಯೋ ನೋಡಿದೆ. ಬಣ್ಣ ಮತ್ತೆ ಬೆಳ್ಳಿಯಾಗುತ್ತದಂತೆ, ಏನೂ ಸವೆಯುವುದಿಲ್ಲವಂತೆ.

ಬೆಳ್ಳಿಚುಕ್ಕಿ
ಪಾತ್ರೆಗೆ ಸರಿ, ನಾಣ್ಯಕ್ಕೆ ಬೇಡ. ಸಲ್ಫೈಡ್ ಮತ್ತೆ ಬೆಳ್ಳಿಯಾಗುವುದು ನಿಜ, ರಾಸಾಯನಿಕವಾಗಿ ಸರಿ. ಆದರೆ ಆ ಬೆಳ್ಳಿ ಹಳೇ ಜಾಗದಲ್ಲಿ ಹಳೇ ಆಕಾರದಲ್ಲಿ ಹೋಗಿ ಕೂರುವುದಿಲ್ಲ. ಮೇಲ್ಮೈ ಮಂಕಾಗುತ್ತದೆ, ಕಲೆಕಲೆ ಉಳಿಯುತ್ತದೆ.

ಡಿಪ್ ಅಂದರೆ ಥಯೋಯೂರಿಯಾ ಬೆರೆಸಿದ ಆಮ್ಲ. ಅದು ಸಲ್ಫೈಡ್ ಕರಗಿಸುತ್ತದೆ. ಸಲ್ಫೈಡ್ ಆದದ್ದು ನಾಣ್ಯದ ಮೇಲಿನ ಬೆಳ್ಳಿಯೇ ಅಲ್ವಾ? ಅದು ಹೋದರೆ ಆ ಬೆಳ್ಳಿಯೂ ಹೋಯಿತು. ತೆಳು ಹಳದಿ ಪೊರೆಯಾದರೆ ಹೋಗುವುದು ಅತ್ಯಲ್ಪ, ಕೈ ಪಳಗಿದವರು ಕೆಲವೇ ಸೆಕೆಂಡು ಅದ್ದಿ ತೊಳೆದರೆ ಯಾರಿಗೂ ಗೊತ್ತಾಗದೆ ಇರಬಹುದು. ನಾಲ್ಕೈದು ಸಲ ಅದ್ದಿದರೆ, ಅಥವಾ ಕಪ್ಪು ಪೊರೆ ತೆಗೆದರೆ, ಹಳೇಕಾಸು ಅವರು ಹೇಳಿದ ಗೆರೆಗಳು ಅದರ ಜೊತೆ ಹೋಗಿರುತ್ತವೆ. ಕೆಳಗೆ ಸತ್ತ ಬೂದು ಬಿಳಿ ಸಿಗುತ್ತದೆ.

ಮಾವನ_ಪೆಟ್ಟಿಗೆ
ಹಾಗಾದರೆ ಲಕೋಟೆಯ ಕಪ್ಪು ನಾಣ್ಯಕ್ಕೆ ದಾರಿಯೇ ಇಲ್ವಾ?

ಹಳೇಕಾಸು
ಅದನ್ನು ಹಾಗೇ ಬಿಡಿ. ಬೆಲೆ ಬಿಳಿ ನಾಣ್ಯಕ್ಕಿಂತ ಕಡಿಮೆಯೇ, ಸುಳ್ಳು ಹೇಳಲ್ಲ. ಹೊಳಪನ್ನು ನುಂಗುವ ಬಣ್ಣ ಯಾವತ್ತೂ ಬೆಲೆ ಇಳಿಸುತ್ತದೆ. ಕಪ್ಪು, ಮಚ್ಚೆ, ಕೆಸರಿನಂಥ ಕಂದು, ಎಲ್ಲ ಅದೇ ಪಟ್ಟಿ. ಆದರೆ ಡಿಪ್ ಮಾಡಿದರೆ ಇನ್ನೂ ಇಳಿಯಬಹುದು.

ಕಾಮನಬಿಲ್ಲು
ಹಸಿರು ಅಂಟಿನ ನಾಣ್ಯಕ್ಕೆ ಮಾತ್ರ ಕಾಯಬೇಡಿ. ಅದು ಟೋನಿಂಗ್ ಅಲ್ಲವೇ ಅಲ್ಲ. ಮೆತ್ತನೆ ಕವರ್ ಪಿವಿಸಿ ಪ್ಲಾಸ್ಟಿಕ್. ಅದು ಹಳೆಯದಾದಾಗ ಆಮ್ಲ ಬಿಡುತ್ತದೆ. ಮಾರ್ಗನ್‌ನಲ್ಲಿ ನೂರಕ್ಕೆ 10 ಭಾಗ ತಾಮ್ರ ಇದೆ, ಅದನ್ನು ಹಿಡಿದುಕೊಂಡು ಹಸಿರಾಗುತ್ತದೆ. ಬಿಟ್ಟರೆ ಗುಳಿ ಬೀಳಿಸುತ್ತದೆ.

ಲೂಪ್_ಹಿಡಿದವ
ಶುದ್ಧ ಅಸಿಟೋನ್ ತನ್ನಿ. ಉಗುರು ಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಎಣ್ಣೆ, ಸುವಾಸನೆ ಬೆರೆಸಿರುತ್ತಾರೆ. ಗಾಜಿನ ಬಟ್ಟಲು, ಪ್ಲಾಸ್ಟಿಕ್ ಬೇಡವೇ ಬೇಡ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರಬಾರದು, ಅದರ ಆವಿ ಬೇಗ ಹೊತ್ತಿಕೊಳ್ಳುತ್ತದೆ. ನಾಣ್ಯ ಮುಳುಗಿಸಿ ಸ್ವಲ್ಪ ಹೊತ್ತು ಬಿಡಿ. ಹೊಸ ಅಸಿಟೋನ್‌ನಲ್ಲಿ ಮತ್ತೊಮ್ಮೆ ಅದ್ದಿ. ಉಜ್ಜದೆ ಹಾಗೇ ಒಣಗಲು ಬಿಡಿ. ಅಸಿಟೋನ್ ಪ್ಲಾಸ್ಟಿಕ್ಕಿನ ಅಂಟು, ಜಿಡ್ಡು ಎತ್ತುತ್ತದೆ. ಬೆಳ್ಳಿಯನ್ನೂ ಸಹಜ ಬಣ್ಣವನ್ನೂ ಮುಟ್ಟುವುದಿಲ್ಲ.

ಕ್ಯಾಮೆರಾ_ಕಣ್ಣು
ಸ್ವಲ್ಪ ಬೇರೆ ವಿಷಯ, ಆದರೆ ದುಡ್ಡಿನ ವಿಷಯ. ಬಣ್ಣದ ನಾಣ್ಯವನ್ನು ಫೋಟೋ ನೋಡಿ ಮಾತ್ರ ಕೊಳ್ಳಬೇಡಿ. ನಾನು ನಾಣ್ಯದ ಫೋಟೋ ತೆಗೆಯುತ್ತೇನೆ. ಬೆಳಕಿನ ಕೋನ ಬದಲಿಸಿದರೆ ಕಂದು ಕಾಣುವ ನಾಣ್ಯವನ್ನು ನವಿಲಿನ ಹಾಗೆ ತೋರಿಸಬಹುದು, ಎಡಿಟ್ ಮಾಡುವುದೂ ಬೇಡ. ಇನ್ನು ಬಣ್ಣ ಹೆಚ್ಚಿಸುವ ಗುಂಡಿ ಒತ್ತಿದರೆ ಕೇಳಲೇಬೇಡಿ. ಮಾರುವವರ ಹತ್ತಿರ ವಾಲಿಸಿ ತೆಗೆದ ವಿಡಿಯೋ ಕೇಳಿ. ನಾಣ್ಯದ ಪಕ್ಕ ಬಿಳಿ ಹಾಳೆ ಇಡಲು ಹೇಳಿ. ಹಾಳೆ ಹಳದಿಯಾಗಿಯೋ ಗುಲಾಬಿಯಾಗಿಯೋ ಕಂಡರೆ ನಾಣ್ಯದ ಬಣ್ಣವನ್ನೂ ನಂಬಬೇಡಿ.

ಹೊಸಬ_07
ಹಾಳೆ ಇಡುವ ಉಪಾಯ ಸೂಪರ್. ನನ್ನ ಹತ್ತಿರ ಕೆನಡಾದ ಹೊಸ ಮೇಪಲ್ ಲೀಫ್ ಬೆಳ್ಳಿ ನಾಣ್ಯ ಇದೆ, ಅದರ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಮಚ್ಚೆ. ಇದೂ ಟೋನಿಂಗಾ?

ಹಳೇಕಾಸು
ಅಲ್ಲ. ಅದು ಹಾಲು ಮಚ್ಚೆ. ತಯಾರಾಗುವಾಗಲೇ ಬಂದ ತೊಂದರೆ, ಗಂಧಕಕ್ಕೂ ಅದಕ್ಕೂ ಸಂಬಂಧವಿಲ್ಲ. ಡಿಪ್ಪಿಗೂ ಹೋಗಲ್ಲ, ಅಸಿಟೋನ್‌ಗೂ ಹೋಗಲ್ಲ. ಕೆನಡಾದ ಟಂಕಸಾಲೆ ಇದನ್ನು ತಡೆಯಲು 2018ರಿಂದ ಮಿಂಟ್‌ಶೀಲ್ಡ್ ಅನ್ನುವ ವಿಧಾನ ತಂದಿತು. ಬೆಳ್ಳಿಯ ತೂಕಕ್ಕೆ ಕೊಂಡದ್ದಾದರೆ ತಲೆ ಕೆಡಿಸಿಕೊಳ್ಳಬೇಡಿ.

ಕೈಸುಟ್ಟವ
ಮೂಲ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಡಲಿಲ್ಲ. ಆಲ್ಬಂ ನಾಣ್ಯಕ್ಕೆ ಎಷ್ಟು ಜಾಸ್ತಿ ಕೇಳಬೇಕು?

ಕಾಮನಬಿಲ್ಲು
ಅದಕ್ಕೆ ಪಟ್ಟಿ ಇಲ್ಲ ಅಣ್ಣ. ಬಿಳಿ ನಾಣ್ಯಕ್ಕೆ ಬೆಲೆ ಪುಸ್ತಕ ಇದೆ, ಬಣ್ಣದ್ದಕ್ಕೆ ಇಲ್ಲ. ಹರಾಜಿನಲ್ಲಿ ಅದನ್ನು ಬಯಸುವ ಇಬ್ಬರು ಎದುರುಬದುರಾದರೆ ಬೆಲೆ ಹಾರುತ್ತದೆ. ಒಬ್ಬನೇ ಇದ್ದರೆ ಮಾಮೂಲಿ ಬೆಲೆ. ನಾನೇ ಒಂದು ನಾಣ್ಯಕ್ಕೆ ಎಂಟು ಪಟ್ಟು ಕೊಟ್ಟಿದ್ದೇನೆ. ಅದರಂಥದ್ದೇ ಇನ್ನೊಂದನ್ನು ಒಂದೂವರೆ ಪಟ್ಟಿಗೆ ಕೊಂಡಿದ್ದೇನೆ, ಆ ದಿನ ಬೇರೆ ಯಾರೂ ಕೂಗಲಿಲ್ಲ.

ಹಳೇಕಾಸು
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. 1881-ಎಸ್ ಸುಲಭವಾಗಿ ಸಿಗುವ ನಾಣ್ಯ. ಆ ಟಂಕಸಾಲೆಯ ಹೊಳಪು ಚೆನ್ನಾಗಿರುತ್ತದೆ, ಬಿಳಿ ನಾಣ್ಯ ಬೇಕಾದಷ್ಟಿದೆ. ಹಾಗಾಗಿ ಅದಕ್ಕೆ ಜಾಸ್ತಿ ಬೆಲೆ ಬಂದರೆ ಪೂರ್ತಿ ಬಣ್ಣದಿಂದಲೇ, ಪಟ್ಟಿನ ಲೆಕ್ಕದಲ್ಲಿ ದೊಡ್ಡದಾಗಿ ಕಾಣುತ್ತದೆ. 1893-ಎಸ್ ತೆಗೆದುಕೊಳ್ಳಿ, ಅಚ್ಚಾಗಿದ್ದೇ ಒಂದು ಲಕ್ಷ. ಅದರ ಬೆಲೆಯೆಲ್ಲ ಅಪರೂಪಕ್ಕೆ. ಅಲ್ಲಿ ಒಳ್ಳೇ ಬಣ್ಣ ಬಂದರೂ ಎಂಟು ಪಟ್ಟು ಯಾರೂ ಕೊಡುವುದಿಲ್ಲ. ಆದರೆ ಕೆಟ್ಟ ಬಣ್ಣ, ಅನುಮಾನದ ಬಣ್ಣ ಬಂದರೆ ಅಲ್ಲೂ ಪೆಟ್ಟು ಬೀಳುತ್ತದೆ.

ಬಿಳಿನಾಣ್ಯ
ಇದನ್ನು ಮೊದಲೇ ಹೇಳಬಾರದಿತ್ತಾ? ಪಟ್ಟಿನ ಲೆಕ್ಕ ಕೇಳಿ ಹೊಸಬರು ಎಲ್ಲ ಬಣ್ಣಕ್ಕೂ ಹಾಗೇ ಅಂದುಕೊಳ್ಳುತ್ತಾರೆ. ಬೆರಳಗಲ ಹಳದಿ ಇರುವ ನಾಣ್ಯವನ್ನು "ಕಾಮನಬಿಲ್ಲು" ಅಂತ ಮಾರುವವರು ಎಷ್ಟು ಜನ!

ಲೂಪ್_ಹಿಡಿದವ
ಬಣ್ಣ ಚೆನ್ನಾಗಿದ್ದರೆ ಗ್ರೇಡ್ ಮಾಡುವವರ ಕೈಯೂ ಸ್ವಲ್ಪ ಸಡಿಲ ಆಗುತ್ತದೆ, ಇದೂ ಗೊತ್ತಿರಲಿ. ಬಣ್ಣದ ಕೆಳಗೆ ಗೀರು ಅಡಗುತ್ತದೆ. ಸ್ಲ್ಯಾಬ್ ಮೇಲೆ 66 ಅಂತ ಅಂಕ ಇದ್ದರೂ ಲೂಪ್ ಹಿಡಿದು ನೀವೇ ಕೆನ್ನೆ, ಬಯಲು ಜಾಗ ನೋಡಿ. ಎನ್‌ಜಿಸಿ ಅನ್ನುವ ಇನ್ನೊಂದು ಗ್ರೇಡಿಂಗ್ ಸಂಸ್ಥೆಯವರು ಕಣ್ಣಿಗೆ ವಿಶೇಷ ಅನ್ನಿಸಿದ ನಾಣ್ಯಕ್ಕೆ ಅಂಕದ ಪಕ್ಕ ನಕ್ಷತ್ರ ಹಾಕುತ್ತಾರೆ. ಹಾಗೆ ಅಂಕ ಬೇರೆ, ಚೆಲುವು ಬೇರೆ ಅಂತ ಬಿಡಿಸಿ ಹೇಳುವುದು ನನಗೆ ಇಷ್ಟ.

ಮಾವನ_ಪೆಟ್ಟಿಗೆ
ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಅಸಿಟೋನ್ ಮಾಡಿದೆ. ಹಸಿರು ಹೋಯಿತು. ಕೆಳಗೆ ಎರಡು ನಕ್ಷತ್ರಗಳ ಪಕ್ಕ ಸೂಜಿ ಚುಚ್ಚಿದ ಹಾಗೆ ಗುಳಿ ಇವೆ, ಆದರೆ ಮಿಕ್ಕ ಜಾಗದಲ್ಲಿ ಹೊಳಪು ಉಳಿದಿದೆ. ಆಲ್ಬಂ ನಾಣ್ಯವನ್ನು ಒಂದೇ ದೀಪದ ಕೆಳಗೆ ವಾಲಿಸಿ ನೋಡಿದೆ. ಬೆಳಕು ನೀಲಿಯ ಮೇಲೂ ನಿಲ್ಲದೆ ಓಡಿತು. ಹೆಂಡತಿಯನ್ನು ಕರೆದು ತೋರಿಸಿದೆ.

ಈಗ ಒಂದು ಪ್ರಶ್ನೆ. ಅದನ್ನು ಮತ್ತೆ ಅದೇ ಆಲ್ಬಂನಲ್ಲಿ ಇಡಲಾ?

ಬೆಳ್ಳಿಚುಕ್ಕಿ
ಬೇಡ. ಬಣ್ಣ ಕೊಟ್ಟ ರಟ್ಟೇ ಅದನ್ನು ಮುಂದಕ್ಕೂ ತಳ್ಳುತ್ತದೆ. ನೀಲಿ ದಾಟಿ ಹೋದರೆ ವಾಪಸ್ ತರಲಾಗುವುದಿಲ್ಲ. ಪಿವಿಸಿ ಇಲ್ಲದ ಗಟ್ಟಿ ಕ್ಯಾಪ್ಸೂಲ್‌ನಲ್ಲಿ ಹಾಕಿ. ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಡಿ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ ಹತ್ತಿರ ಬರಬಾರದು. ಹಿಡಿಯುವಾಗ ಅಂಚು ಮಾತ್ರ. ಬೆರಳಿನ ಗುರುತು ಇವತ್ತು ಕಾಣದಿದ್ದರೂ ಮುಂದೆ ಕಂದಾಗಿ ಏಳುತ್ತದೆ.

ಹೊಸಬ_07
ಸ್ಲ್ಯಾಬ್ ಮಾಡಿಸಿದರೆ ಈ ಚಿಂತೆಯೇ ಇಲ್ಲ ಅಲ್ವಾ?

ಲೂಪ್_ಹಿಡಿದವ
ಸ್ಲ್ಯಾಬ್ ಗಾಳಿ ಹೋಗದ ಡಬ್ಬಿ ಅಲ್ಲ. ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಸ್ಲ್ಯಾಬ್ ಒಳಗೇ ಬಣ್ಣ ತಿರುಗಿದ ನಾಣ್ಯ ನೋಡಿದ್ದೇನೆ.

ಹಳೇಕಾಸು
ಆಲ್ಬಂ ಎಸೆಯಬೇಡಿ ಮಾತ್ರ! ನಾಣ್ಯ ಇದ್ದ ಆ ರಂಧ್ರ, ಆ ಹಾಳೆ, ಎಲ್ಲ ನಾಣ್ಯದ ಜೊತೆಗೇ ಇರಲಿ. ನಾಳೆ ಯಾರಾದರೂ ಬಣ್ಣದ ಬಗ್ಗೆ ಅನುಮಾನ ಪಟ್ಟರೆ ತೋರಿಸಲು ಬೇಕು.

ಮಾವನ_ಪೆಟ್ಟಿಗೆ
ನೀವು ಹೇಳಿದ ಮೇಲೆ ಹಾಳೆ ತೆಗೆದು ಸರಿಯಾಗಿ ನೋಡಿದೆ. ರಂಧ್ರದ ಕೆಳಗೆ ಪೆನ್ಸಿಲ್‌ನಲ್ಲಿ ಸಣ್ಣಗೆ ಬರೆದಿದೆ. ಮಾವನ ಅಕ್ಷರವೇ. "1974. ಬಿಳಿ, ಕಲೆ ಇಲ್ಲ."

ಕಾಮನಬಿಲ್ಲು
ಮೈ ಜುಮ್ ಅಂದಿತು.

ಬಿಳಿನಾಣ್ಯ
ಬಿಳಿ ಇತ್ತು ಅಂತ ಬರೆದಿಟ್ಟಿದ್ದಾರಾ? ಹಾಗಾದರೆ ಈ ಬಣ್ಣ ಪೂರ್ತಿ ಆ ಹಾಳೆಯಲ್ಲೇ ಬಂದದ್ದು. ಒಪ್ಪಿದೆ, ಇದಕ್ಕೆ ನಾನೂ ಜಾಸ್ತಿ ಕೊಡುತ್ತೇನೆ.

ಲೂಪ್_ಹಿಡಿದವ
ಹಾಳೆಯ ಫೋಟೋ ತೆಗೆಯಿರಿ, ನಾಣ್ಯವನ್ನು ಪಕ್ಕದಲ್ಲಿಟ್ಟು, ಅಕ್ಷರ ಓದುವ ಹಾಗೆ. ಪೆನ್ಸಿಲ್ ಅಕ್ಷರ ಕೈ ಉಜ್ಜಿದರೆ ಅಳಿಯುತ್ತದೆ.

ಮಾವನ_ಪೆಟ್ಟಿಗೆ
ತೆಗೆಯುತ್ತೇನೆ. ಈ ಹಾಳೆಯಲ್ಲಿ ಇನ್ನೂ ಏಳು ರಂಧ್ರ ಖಾಲಿ ಇವೆ, ಎರಡರ ಕೆಳಗೆ ಏನೋ ಬರೆದಿದೆ. ಬೆಳಕಿಗೆ ಹಿಡಿದು ಓದಿ ಹೇಳುತ್ತೇನೆ.